ಹೆಸರು ಬದಲಾಯಿತು, ಮನೆತನ ಬದಲಾಯಿತೇ? — ಓದುಗರ ಪ್ರಶ್ನೆಗಳು

ಈ ಸಲ ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಜಪಾನಿನ ಇತಿಹಾಸದ ಪ್ರಶ್ನೆಗಳೇ ಹೆಚ್ಚು. ಬರೆದವರಲ್ಲಿ ಬಹುತೇಕರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಕೆಲವರು ಶಿಕ್ಷಕರು. ಎಲ್ಲರ ತೊಡಕೂ ಹತ್ತಿರಹತ್ತಿರ ಒಂದೇ. ಪುಸ್ತಕದಲ್ಲಿ ‘ಪುನಃಸ್ಥಾಪನೆ’, ‘ಸಾಮಾನ್ಯರ ಪ್ರಧಾನಿ’, ‘ಉದಾರವಾದಿ ಪಕ್ಷ’ ಎಂದಿರುತ್ತದೆ. ಒಳಹೊಕ್ಕು ನೋಡಿದರೆ ಬೇರೆಯೇ ಕಾಣುತ್ತದೆ. ನಮ್ಮ ಇತಿಹಾಸ ಮತ್ತು ರಾಜ್ಯಶಾಸ್ತ್ರದ ಅಂಕಣಕಾರರು ಉತ್ತರಿಸಿದ್ದಾರೆ.

1868ರ ‘ಮೇಜಿ ಪುನಃಸ್ಥಾಪನೆ’ಯಲ್ಲಿ ಚಕ್ರವರ್ತಿಗೆ ಅಧಿಕಾರ ಮರಳಿತು ಎಂದು ಓದಿದ್ದೇವೆ. ಅದು ನಿಜವೇ?
— ಪದವಿ ವಿದ್ಯಾರ್ಥಿನಿ, ಕಲಬುರಗಿ

ಘೋಷಣೆಯ ಮಟ್ಟಿಗೆ ನಿಜ, ಆಡಳಿತದ ಮಟ್ಟಿಗೆ ಅಲ್ಲ. 1868ರ ಜನವರಿ 3ರಂದು ಕ್ಯೋಟೊ ಅರಮನೆಯಲ್ಲಿ, ಶೋಗನ್ ಎಂಬ ಸೇನಾಧಿಪತಿಯ ಆಡಳಿತ ಮುಗಿದು ಚಕ್ರವರ್ತಿಯ ಆಳ್ವಿಕೆ ಮರಳಿತೆಂದು ಸಾರಿದಾಗ ಮೇಜಿ ಚಕ್ರವರ್ತಿಗೆ 15 ವರ್ಷ. ಅರಮನೆಯ ಬಾಗಿಲು ಕಾಯುತ್ತಿದ್ದದ್ದು ಸಾತ್ಸುಮಾ ಮತ್ತು ಅದರ ಮಿತ್ರ ಸಂಸ್ಥಾನಗಳ ಸೈನಿಕರು. ಮುಂದಿನ ಹತ್ತು ವರ್ಷ ನಿಜವಾದ ತೀರ್ಮಾನಗಳನ್ನು ತೆಗೆದುಕೊಂಡವರು ಸಾತ್ಸುಮಾದ ಓಕುಬೊ ತೋಶಿಮಿಚಿ, ಸೈಗೊ ತಕಾಮೊರಿ, ಚೋಶುವಿನ ಕಿದೊ ತಕಾಯೋಶಿ, ಆಸ್ಥಾನದ ಇವಾಕುರಾ ತೊಮೊಮಿ ಮುಂತಾದ ಕೆಲವೇ ಜನ. ಅವರ ನಂತರ ಚೋಶುವಿನ ಇಟೊ ಹಿರೊಬುಮಿ, ಯಾಮಾಗಾತ ಅರಿತೊಮೊ ಬಂದರು. ಇಟೊ 1885ರಲ್ಲಿ ಮೊದಲ ಪ್ರಧಾನಿಯಾದರು, ಒಟ್ಟು ನಾಲ್ಕು ಸಲ ಆ ಹುದ್ದೆಯಲ್ಲಿದ್ದರು.

1889ರ ಸಂವಿಧಾನದಲ್ಲಿ ಸಾರ್ವಭೌಮತ್ವ ಚಕ್ರವರ್ತಿಯದು. ಆದರೆ ಪ್ರಧಾನಿ ಯಾರಾಗಬೇಕೆಂದು ಅವರಿಗೆ ಸೂಚಿಸುತ್ತಿದ್ದದ್ದು ‘ಗೆನ್ರೊ’ ಎಂಬ ಹಿರಿಯರ ಕೂಟ. ಆ ಕೂಟದ ಹೆಸರು ಸಂವಿಧಾನದ ಯಾವ ವಿಧಿಯಲ್ಲೂ ಇಲ್ಲ! ಅದರ ಕೊನೆಯ ಸದಸ್ಯ ಸೈಯೊಂಜಿ ಕಿಮ್ಮೊಚಿ 1940ರಲ್ಲಿ ತೀರಿಕೊಳ್ಳುವವರೆಗೆ ಈ ಪದ್ಧತಿಯ ನೆರಳು ಇತ್ತು. ಪರೀಕ್ಷೆಯಲ್ಲಿ ‘ಚಕ್ರವರ್ತಿಗೆ ಅಧಿಕಾರ ಮರಳಿತು’ ಎಂದು ಬರೆದು ನಿಲ್ಲಿಸಬೇಡಿ. ‘ಚಕ್ರವರ್ತಿಯ ಹೆಸರಿನಲ್ಲಿ ಸಾತ್ಸುಮಾ–ಚೋಶು ಕೂಟ ಆಳಿತು’ ಎಂದು ಸೇರಿಸಿ.

ಇನ್ನೊಂದು ಘೋಷಣೆಯ ಗತಿಯೂ ನೋಡಿ. ಚಳವಳಿಯ ಕೂಗು ‘ಚಕ್ರವರ್ತಿಯನ್ನು ಗೌರವಿಸಿ, ಪರಕೀಯರನ್ನು ಹೊರಗಟ್ಟಿ’ ಎಂದಿತ್ತು. ಗೆದ್ದ ಕೆಲವೇ ತಿಂಗಳಲ್ಲಿ, 1868ರ ಏಪ್ರಿಲ್‌ನಲ್ಲಿ, ಜಗತ್ತಿನ ಎಲ್ಲೆಡೆಯಿಂದ ಜ್ಞಾನ ತರುತ್ತೇವೆಂದು ಅದೇ ಜನ ಚಕ್ರವರ್ತಿಯಿಂದ ಪ್ರತಿಜ್ಞೆ ಮಾಡಿಸಿದರು.

1871ರಲ್ಲಿ ಸಂಸ್ಥಾನಗಳೆಲ್ಲ ರದ್ದಾದವು. ಹಾಗಾದರೆ ಹಳೆಯ ಒಡೆಯರು, ಅಂದರೆ ದೈಮ್ಯೊಗಳು, ಬೀದಿಪಾಲಾಗಲಿಲ್ಲವೇ?
— ಪ್ರೌಢಶಾಲಾ ಶಿಕ್ಷಕರು, ಹುಮನಾಬಾದ್

ಇಲ್ಲ. ಹೇಗೆ ಆಗಲಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ಕಥೆಯ ಕೀಲಿ ಇಲ್ಲಿದೆ.

ಮೊದಲ ಹೆಜ್ಜೆ 1869ರದು. ದೈಮ್ಯೊಗಳು ಭೂಮಿ ಮತ್ತು ಪ್ರಜೆಗಳ ದಾಖಲೆಗಳನ್ನು ಚಕ್ರವರ್ತಿಗೆ ‘ಒಪ್ಪಿಸಿದರು’. ಒಪ್ಪಿಸಿದ ಕೂಡಲೇ ಅದೇ ಸಂಸ್ಥಾನಕ್ಕೆ ಅವರನ್ನೇ ರಾಜ್ಯಪಾಲರನ್ನಾಗಿ ನೇಮಿಸಲಾಯಿತು. ಬಿರುದು ಹೋಯಿತು, ಕುರ್ಚಿ ಉಳಿಯಿತು. ನಮ್ಮ ಭಾಗದ ಓದುಗರಿಗೆ ಇದು ಅಪರಿಚಿತವಲ್ಲ: 1948ರ ಸೆಪ್ಟೆಂಬರ್ ಕಾರ್ಯಾಚರಣೆಯಲ್ಲಿ ಹೈದರಾಬಾದ್ ಸಂಸ್ಥಾನ ಮುಗಿದರೂ, ನಿಜಾಮರು 1950ರಿಂದ 1956ರವರೆಗೆ ಅದೇ ರಾಜ್ಯದ ರಾಜಪ್ರಮುಖರಾಗಿದ್ದರು. ಆದರೆ ಜಪಾನಿನಲ್ಲಿ ಆ ನಡುಗಾಲ ಬರೀ ಎರಡು ವರ್ಷದ್ದು.

ಎರಡನೆಯ ಹೆಜ್ಜೆ 1871ರ ಆಗಸ್ಟ್. 261 ಸಂಸ್ಥಾನಗಳು ರದ್ದಾಗಿ ಜಿಲ್ಲೆಗಳಾದವು. ದೈಮ್ಯೊಗಳಿಗೆ ಟೋಕಿಯೊಗೆ ಬಂದು ನೆಲೆಸುವ ಆಜ್ಞೆಯಾಯಿತು. ಅವರು ಯಾಕೆ ಗಲಾಟೆ ಮಾಡಲಿಲ್ಲ? ಒಂದು ಕಡೆ ಸಾತ್ಸುಮಾ, ಚೋಶು, ತೋಸಾಗಳಿಂದ ಕರೆಸಿದ ಸುಮಾರು 10,000 ಸೈನಿಕರು ರಾಜಧಾನಿಯಲ್ಲಿದ್ದರು. ಇನ್ನೊಂದು ಕಡೆ ಲೆಕ್ಕ ದೈಮ್ಯೊಗಳಿಗೇ ಲಾಭದ್ದಾಗಿತ್ತು. ಸಂಸ್ಥಾನದ ನಿಜ ಆದಾಯದ ಹತ್ತನೆಯ ಒಂದು ಪಾಲು ಅವರ ಮನೆಯ ಸ್ವಂತ ಆದಾಯವೆಂದು ಗೊತ್ತುಮಾಡಲಾಗಿತ್ತು. ಸಂಸ್ಥಾನದ ಸಾಲ ಮತ್ತು ಸಮುರಾಯಿಗಳ ಸಂಬಳದ ಹೊರೆ ಸರ್ಕಾರದ ತಲೆಗೆ ಹೋಯಿತು. ಸಾಲದಲ್ಲಿ ಮುಳುಗಿದ್ದ ಎಷ್ಟೋ ಒಡೆಯರಿಗೆ ಇದು ಬಿಡುಗಡೆಯೇ ಆಯಿತು.

ಮೂರನೆಯದು 1876. ಸಮುರಾಯಿಗಳ ವಂಶಪಾರಂಪರ್ಯ ಸಂಬಳ ಸರ್ಕಾರದ ಖರ್ಚಿನ ಮೂರನೆಯ ಒಂದು ಪಾಲಿನಷ್ಟು ನುಂಗುತ್ತಿತ್ತು. ಅದನ್ನು ನಿಲ್ಲಿಸಿ ಬದಲಿಗೆ ಸರ್ಕಾರಿ ಬಾಂಡ್ ಕೊಡಲಾಯಿತು. ದೊಡ್ಡ ಸಂಬಳದವರಿಗೆ ಸುಮಾರು 5 ವರ್ಷದ ಸಂಬಳದಷ್ಟು ಬಾಂಡ್, ಶೇ. 5 ಬಡ್ಡಿ. ತೀರ ಸಣ್ಣವರಿಗೆ 14 ವರ್ಷದ ಸಂಬಳದಷ್ಟು, ಶೇ. 7 ಬಡ್ಡಿ. ಕಾಗದದ ಮೇಲೆ ಬಡವನಿಗೇ ಹೆಚ್ಚು ಕರುಣೆ. ಆದರೆ ಸಣ್ಣ ಸಮುರಾಯಿಯ ಅಸಲೇ ನೂರಾರು ಯೆನ್; ವರ್ಷದ ಬಡ್ಡಿಯಲ್ಲಿ ಮನೆ ನಡೆಯಲಿಲ್ಲ. 1877ರಲ್ಲಿ ಸಾತ್ಸುಮಾದ ಅತೃಪ್ತ ಸಮುರಾಯಿಗಳು ಎಬ್ಬಿಸಿದ ದಂಗೆಯ ಯುದ್ಧಖರ್ಚಿಗೆ ನೋಟು ಅಚ್ಚುಹಾಕಿದ್ದರಿಂದ ಬೆಲೆ ಏರಿ ಆ ಬಡ್ಡಿಯೂ ಕರಗಿತು. ಬಹಳ ಜನ ಬಾಂಡ್ ಮಾರಿ ತಿಂದರು, ಗೊತ್ತಿಲ್ಲದ ವ್ಯಾಪಾರಕ್ಕೆ ಹಾಕಿ ಕಳೆದುಕೊಂಡರು. ದೈಮ್ಯೊಗಳ ಬಾಂಡ್ ಹಾಗೆ ಕರಗಲಿಲ್ಲ. ಅವರು ಬಾಂಡ್‌ಗಳನ್ನು ಕೂಡಿಸಿ 1877ರಲ್ಲಿ ಹದಿನೈದನೆಯ ರಾಷ್ಟ್ರೀಯ ಬ್ಯಾಂಕ್ ಕಟ್ಟಿದರು. ಅಲ್ಲಿನ ಹಣ 1881ರ ನಿಪ್ಪಾನ್ ರೈಲ್ವೆ ಕಂಪನಿಗೆ ಹೋಯಿತು. ಭತ್ತದ ತೆರಿಗೆಯ ಒಡೆಯ ಹತ್ತು ವರ್ಷದೊಳಗೆ ಬ್ಯಾಂಕು–ರೈಲಿನ ಷೇರುದಾರನಾದ.

ನಾಲ್ಕನೆಯದು ಪದವಿ. 1869ರಲ್ಲೇ ಆಸ್ಥಾನದ ಕುಲೀನರನ್ನೂ ದೈಮ್ಯೊಗಳನ್ನೂ ಸೇರಿಸಿ ‘ಕಜೊಕು’ ಎಂಬ 427 ಮನೆತನಗಳ ವರ್ಗ ಮಾಡಲಾಯಿತು. 1884ರಲ್ಲಿ ಅದಕ್ಕೆ ಐದು ದರ್ಜೆ ಬಂದವು, ಮನೆತನಗಳು 509 ಆದವು. ಇಟೊ, ಯಾಮಾಗಾತರಂಥ ಹೊಸಬರೂ ಆ ಪಟ್ಟಿ ಸೇರಿದರು. 1890ರಲ್ಲಿ ಸಂಸತ್ತು ತೆರೆದಾಗ ಮೇಲಿನ ಎರಡು ದರ್ಜೆಯವರಿಗೆ ವಯಸ್ಸು ತುಂಬಿದರೆ ಸಾಕು, ಕುಲೀನರ ಸಭೆಯಲ್ಲಿ ಸೀಟು ಖಾಯಂ. ಆ ಸಭೆಯ ಅಧ್ಯಕ್ಷರಾಗಿ 1903ರಿಂದ 1933ರವರೆಗೆ ಕೂತವರು ಯಾರು? ಟೋಕುಗಾವ ಇಯೆಸಾತೊ — 1868ರಲ್ಲಿ ಸೋತುಹೋದ ಶೋಗನ್ ಮನೆತನದ 16ನೆಯ ಯಜಮಾನ. ಕೊನೆಯ ಶೋಗನ್ ಯೋಶಿನೋಬುಗೂ 1902ರಲ್ಲಿ ಅತ್ಯುನ್ನತ ದರ್ಜೆ ಸಿಕ್ಕಿತು. ‘ಊಳಿಗಮಾನ್ಯ ಪದ್ಧತಿ ನಾಶವಾಯಿತು’ ಎಂಬ ಒಂದು ಸಾಲು ಇದನ್ನೆಲ್ಲ ಮರೆಮಾಡುತ್ತದೆ.

ಮಕ್ಕಳಿಗೆ ಪಾಠ ಮಾಡುವಾಗ ಒಂದನ್ನು ತಪ್ಪದೆ ಹೇಳಿ. ಆಳುವ ಕೆಲಸ ದೈಮ್ಯೊಗಳ ಕೈಯಿಂದ ನಿಜಕ್ಕೂ ತಪ್ಪಿತು. ಹೊಸ ಸರ್ಕಾರ ನಡೆಸಿದವರು ಅವರ ಕೈಕೆಳಗಿನ ನಡುದರ್ಜೆಯ, ಕೆಳದರ್ಜೆಯ ಸಮುರಾಯಿಗಳು. ಇಟೊ ಹುಟ್ಟಿದ್ದು ರೈತನ ಮನೆಯಲ್ಲಿ. ತಂದೆ ದತ್ತುಹೋದ ಮೇಲೆ ಕೆಳದರ್ಜೆಯ ಸಮುರಾಯಿ ಮನೆತನ ಸಿಕ್ಕಿತು. ಒಡೆಯನಿಗೆ ಹಣ ಮತ್ತು ಮಾನ, ಕಾರಭಾರಿಗೆ ಅಧಿಕಾರ: ಇದೇ ಒಪ್ಪಂದ.

ಬೀದರಿನ ಬರೀದರು ಬಹಮನಿ ಸುಲ್ತಾನರನ್ನು ಹೆಸರಿಗೆ ಇಟ್ಟುಕೊಂಡು ಆಳಿದಂತೆ, ಜಪಾನಿನಲ್ಲೂ ಚಕ್ರವರ್ತಿ ಹೆಸರಿಗೆ ಮಾತ್ರವೇ?
— ಓದುಗರು, ಬೀದರ

ಹೋಲಿಕೆ ಸರಿಯಾಗಿಯೇ ಇದೆ, ಕೊನೆ ಮಾತ್ರ ಬೇರೆ. ಕಾಸಿಂ ಬರೀದ್ ಮತ್ತು ಅಮೀರ್ ಬರೀದ್ ಕಾಲದಲ್ಲಿ ಸುಲ್ತಾನ ಸಿಂಹಾಸನದ ಮೇಲೆ, ಅಧಿಕಾರ ಮಂತ್ರಿಯ ಕೈಯಲ್ಲಿ. ಬಹಮನಿ ವಂಶ ಮುಗಿದ ಮೇಲೆ ಅಲಿ ಬರೀದ್ ತಾನೇ ಶಾಹ ಎಂಬ ಬಿರುದು ಧರಿಸಿದ. ಜಪಾನಿನಲ್ಲಿ ಆ ಕೊನೆಯ ಹೆಜ್ಜೆಯನ್ನು ಯಾರೂ ಇಡಲಿಲ್ಲ. ಚಕ್ರವರ್ತಿಯನ್ನು ಗಡೀಪಾರು ಮಾಡಿದರು, ಪದತ್ಯಾಗ ಮಾಡಿಸಿದರು, ಆದರೆ ಆ ಪೀಠದಲ್ಲಿ ಬೇರೆ ವಂಶ ಕೂರಲಿಲ್ಲ.

ಬದಲಿಗೆ ಹೆಸರಿಗೊಬ್ಬ, ಕೆಲಸಕ್ಕೊಬ್ಬ ಎಂಬ ಪದರಗಳು ಒಂದರ ಮೇಲೊಂದು ಬೆಳೆದವು. ಮೊದಲು ಫುಜಿವಾರಾ ಮನೆತನ ಹೆಣ್ಣುಮಕ್ಕಳನ್ನು ಚಕ್ರವರ್ತಿಗೆ ಕೊಟ್ಟು, ಮೊಮ್ಮಗನನ್ನು ಪಟ್ಟಕ್ಕೆ ಕೂರಿಸಿ, ಅಜ್ಜ ಪ್ರತಿನಿಧಿಯಾಗಿ ಆಳಿದ. 1086ರಲ್ಲಿ ಶಿರಾಕಾವಾ ಚಕ್ರವರ್ತಿ ಪದತ್ಯಾಗ ಮಾಡಿ, ನಿವೃತ್ತ ಚಕ್ರವರ್ತಿಯಾಗಿ ಹಿಂದಿನಿಂದ ಆಳತೊಡಗಿದ. 1192ರಲ್ಲಿ ಮಿನಾಮೊತೊ ಯೊರಿತೊಮೊ ಶೋಗನ್ ಆದ. 1219ರಲ್ಲಿ ಅವನ ಮಗ ಸಾನೆತೊಮೊ ಕೊಲೆಯಾಗಿ ವಂಶ ನಿಂತಿತು. ಆಗ ಯೊರಿತೊಮೊನ ಅತ್ತೆಮನೆಯವರಾದ ಹೋಜೊಗಳು ತಾವೇ ಶೋಗನ್ ಆಗಲಿಲ್ಲ. ಕ್ಯೋಟೊದಿಂದ ಫುಜಿವಾರಾ ಕುಲದ ಒಂದು ಹಸುಗೂಸನ್ನು ತರಿಸಿ 1226ರಲ್ಲಿ ಶೋಗನ್ ಮಾಡಿದರು, 1252ರಿಂದ ರಾಜಕುಮಾರರನ್ನು ತರಿಸಿದರು, ತಾವು ‘ಶಿಕ್ಕೆನ್’ ಎಂಬ ಪ್ರತಿನಿಧಿ ಹುದ್ದೆಯಲ್ಲಿದ್ದು ಆಳಿದರು. 1256ರಲ್ಲಿ ಹೋಜೊ ತೊಕಿಯೊರಿ ಆ ಹುದ್ದೆಯನ್ನೂ ಬಿಟ್ಟುಕೊಟ್ಟ. ಅಧಿಕಾರ ಅವನ ಮನೆಯಲ್ಲೇ ಉಳಿಯಿತು. ಹದಿಮೂರನೆಯ ಶತಮಾನದ ಪ್ರಶ್ನೆ ಬಂದಾಗ ‘ಶೋಗನ್ ಆಳುತ್ತಿದ್ದ’ ಎಂದು ಬರೆಯುವುದು ಬಹಳ ಜನ ಮಾಡುವ ತಪ್ಪು.

ಹದಿನಾರನೆಯ ಶತಮಾನದ ಕೊನೆಗೆ ದೇಶವನ್ನು ಒಗ್ಗೂಡಿಸಿದ ಸೇನಾನಿ ಹಿದೆಯೋಶಿಯದು ಇನ್ನೂ ಸ್ವಾರಸ್ಯದ್ದು. ಕೆಳಸ್ತರದಿಂದ ಎದ್ದು ಬಂದ ಆತ 1585ರಲ್ಲಿ ‘ಕಂಪಾಕು’, ಅಂದರೆ ಚಕ್ರವರ್ತಿಯ ಪ್ರತಿನಿಧಿ, ಎಂಬ ಪದವಿ ಪಡೆಯಲು ಕೊನೊಯೆ ಮನೆತನಕ್ಕೆ ದತ್ತುಹೋಗಿ ಕಾಗದದ ಮೇಲೆ ಫುಜಿವಾರಾ ಆದ. ಆ ಪದವಿ ಆ ಕುಲಕ್ಕೆ ಮೀಸಲಿತ್ತು.

ಹಾರಾ ತಕಾಶಿಯನ್ನು ‘ಮೊದಲ ಸಾಮಾನ್ಯ ಪ್ರಧಾನಿ’ ಎನ್ನುತ್ತಾರೆ. ಬಡ ಕುಟುಂಬದವರೇ?
— ಸ್ಪರ್ಧಾತ್ಮಕ ಪರೀಕ್ಷಾರ್ಥಿ, ಸುರಪುರ

ಅಲ್ಲ. ಮೊರಿಯೊಕಾ ಸಂಸ್ಥಾನದ ಉನ್ನತ ಸಮುರಾಯಿ ಮನೆತನ, ಅಜ್ಜ ಸಂಸ್ಥಾನದ ಹಿರಿಯ ಮಂತ್ರಿ. ಪ್ರತ್ಯೇಕ ಮನೆ ನೋಂದಾಯಿಸಿದಾಗ ದಾಖಲೆಯಲ್ಲಿ ‘ಸಾಮಾನ್ಯ’ ಎಂದಾಯಿತು. ಮುಂದೆ ಕುಲೀನ ಪದವಿಯನ್ನು ಬೇಡವೆಂದದ್ದು ಅವರದೇ ಆಯ್ಕೆ. 1918ರಲ್ಲಿ ಪ್ರಧಾನಿಯಾಗಿ, 1921ರ ನವೆಂಬರ್ 4ರಂದು ಟೋಕಿಯೊ ನಿಲ್ದಾಣದಲ್ಲಿ ಹತರಾದರು. ಅವರ ನಿಜವಾದ ಹೊಸತನ ಬೇರೆಯದು: 1868ರಲ್ಲಿ ಸೋತ ಬಣದ ಸಂಸ್ಥಾನದಿಂದ ಬಂದವರು, ಕೆಳಮನೆಯ ಸದಸ್ಯರಾಗಿದ್ದುಕೊಂಡೇ ಪಕ್ಷದ ಬಲದಿಂದ ಪ್ರಧಾನಿಯಾದವರು. ಉತ್ತರದಲ್ಲಿ ಇದನ್ನು ಬರೆಯಿರಿ.

1945ರ ಸೋಲಿನ ನಂತರ ಅಮೆರಿಕದವರು ಹಳೆಯ ವರ್ಗವನ್ನು ಕಿತ್ತುಹಾಕಿದರಲ್ಲ? ಆಮೇಲೆ ಬಂದ ಲಿಬರಲ್ ಡೆಮಾಕ್ರಟಿಕ್ ಪಕ್ಷ ಹೊಸಬರದ್ದೇ?
— ರಾಜ್ಯಶಾಸ್ತ್ರ ಉಪನ್ಯಾಸಕರು, ಶಹಾಪುರ

ಎರಡು ಪದರ ಬೇರ್ಪಡಿಸಿ ನೋಡಬೇಕು: ಜಮೀನು ಮತ್ತು ಕುಲೀನ ಪದವಿಯಲ್ಲಿ ಬದಲಾವಣೆ ಆಳವಾದದ್ದು, ಅಧಿಕಾರಿಶಾಹಿ ಮತ್ತು ರಾಜಕಾರಣದಲ್ಲಿ ತೆಳುವಾದದ್ದು.

1946ರ ಭೂಸುಧಾರಣೆಯಲ್ಲಿ ಊರು ಬಿಟ್ಟು ಹೊರಗಿದ್ದ ಒಡೆಯನ ಗೇಣಿಜಮೀನೆಲ್ಲ ಸರ್ಕಾರದ ಪಾಲಾಯಿತು. ಊರಲ್ಲಿದ್ದವನು ಸರಾಸರಿ 1 ಚೋ, ಅಂದರೆ ಸುಮಾರು ಎರಡೂವರೆ ಎಕರೆ, ಹೊಕ್ಕೈಡೊದಲ್ಲಿ 4 ಚೋ ಮಾತ್ರ ಗೇಣಿಗೆ ಇಟ್ಟುಕೊಳ್ಳಬಹುದಿತ್ತು. ಗೇಣಿಜಮೀನು ಶೇ. 46ರಿಂದ ಶೇ. 10ರ ಆಸುಪಾಸಿಗೆ ಇಳಿಯಿತು. ಬೆಲೆಯೇರಿಕೆಯಿಂದ ಒಡೆಯರಿಗೆ ಸಿಕ್ಕ ಪರಿಹಾರ ಕವಡೆ ಕಿಮ್ಮತ್ತಿನದಾಯಿತು. ಇದನ್ನು 1876ರ ದೈಮ್ಯೊ ಬಾಂಡ್ ಜತೆ ಇಟ್ಟು ನೋಡಿ, ವ್ಯತ್ಯಾಸ ತಾನಾಗಿ ಕಾಣುತ್ತದೆ. 1947ರ ಮೇ 3ರಂದು ಹೊಸ ಸಂವಿಧಾನ ಜಾರಿಯಾದಾಗ 14ನೆಯ ವಿಧಿ ಕಜೊಕು ವರ್ಗವನ್ನೇ ತೆಗೆದುಹಾಕಿತು.

ಹುದ್ದೆಯಿಂದ ತೆಗೆದುಹಾಕುವ ಕ್ರಮಕ್ಕೆ ಗುರಿಯಾದವರು 2 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಐದರಲ್ಲಿ ನಾಲ್ಕು ಪಾಲು ಸೈನ್ಯದವರು. ಸರ್ಕಾರಿ ಅಧಿಕಾರಿಗಳು ನೂರಕ್ಕೆ ಒಬ್ಬರ ಆಸುಪಾಸು. ಕಾರಣ ಸರಳ. ಅಮೆರಿಕದವರು ಜಪಾನನ್ನು ನೇರವಾಗಿ ಆಳಲಿಲ್ಲ, ಇದ್ದ ಸಚಿವಾಲಯಗಳ ಮೂಲಕ ಆಳಿದರು. ಭಾಷೆ ಬಲ್ಲ ಸಿಬ್ಬಂದಿ ಅವರಲ್ಲಿ ಕಡಿಮೆ. ಆಜ್ಞೆ ಜಾರಿ ಮಾಡಬೇಕಾದವರನ್ನೇ ಮನೆಗೆ ಕಳಿಸಿದರೆ ಕೆಲಸ ನಡೆಯುತ್ತಿರಲಿಲ್ಲ. ಶೀತಲ ಸಮರ ಬಿರುಸಾದಾಗ, 1950–51ರಲ್ಲಿ, ನಿಷೇಧವನ್ನು ಒಂದೊಂದಾಗಿ ಸಡಿಲಿಸಿದರು.

ಕಿಶಿ ನೊಬುಸುಕೆಯ ದಾರಿ ಇದಕ್ಕೆ ಸ್ಪಷ್ಟ ನಿದರ್ಶನ. ಮಂಚೂರಿಯಾದಲ್ಲಿ ಉನ್ನತ ಅಧಿಕಾರಿ, 1941ರಲ್ಲಿ ಯುದ್ಧಕಾಲದ ಪ್ರಧಾನಿ ತೋಜೊ ಸಂಪುಟದಲ್ಲಿ ವಾಣಿಜ್ಯ–ಕೈಗಾರಿಕೆ ಸಚಿವ, ಸೋಲಿನ ನಂತರ ಯುದ್ಧಾಪರಾಧದ ಶಂಕೆಯ ಮೇಲೆ ಸುಗಾಮೊ ಜೈಲು, ವಿಚಾರಣೆಯಿಲ್ಲದೆ 1948ರ ಡಿಸೆಂಬರ್‌ನಲ್ಲಿ ಬಿಡುಗಡೆ, 1957ರಲ್ಲಿ ಪ್ರಧಾನಿ. ಆತನ ತಮ್ಮ ಸಾತೊ ಐಸಾಕು 1964ರಿಂದ 1972ರವರೆಗೆ ಪ್ರಧಾನಿ. ಮಗಳ ಮಗ ಆಬೆ ಶಿಂಜೊ 2006–07ರಲ್ಲಿ, ಮತ್ತೆ 2012ರಿಂದ 2020ರವರೆಗೆ. ಮೂವರ ನೆಲೆಯೂ ಯಾಮಾಗುಚಿ, ಅಂದರೆ ಹಳೆಯ ಚೋಶು.

ಪಕ್ಷದ ಹೆಸರಿನ ಬಗ್ಗೆ: 1955ರ ನವೆಂಬರ್ 15ರಂದು ಲಿಬರಲ್ ಪಕ್ಷ ಮತ್ತು ಜಪಾನ್ ಡೆಮಾಕ್ರಟಿಕ್ ಪಕ್ಷ ಸೇರಿ ಇದಾಯಿತು. ಎರಡೂ ಸಂಪ್ರದಾಯವಾದಿ ಪಕ್ಷಗಳೇ. ಅದಕ್ಕೂ ಮೊದಲು, 1945ರ ಕೊನೆಯಲ್ಲಿ, ಯುದ್ಧಕಾಲದ ಸಂಸದರು ಕೂಡಿ ಕಟ್ಟಿಕೊಂಡ ಪಕ್ಷದ ಹೆಸರು ‘ಪ್ರಗತಿ ಪಕ್ಷ’. ಕೆಲವೇ ತಿಂಗಳಲ್ಲಿ ಅದರ ಬಹುಪಾಲು ಸದಸ್ಯರು ನಿಷೇಧಕ್ಕೆ ಒಳಗಾದರು. 1994ರಲ್ಲಿ ಸಮಾಜವಾದಿ ಮುರಾಯಾಮಾ ತೊಮಿಇಚಿ ಪ್ರಧಾನಿಯಾದದ್ದು ಲಿಬರಲ್ ಡೆಮಾಕ್ರಟರ ಬೆಂಬಲದಿಂದ. ಸಂಪುಟದಲ್ಲಿ ಹೆಚ್ಚಿನ ಖಾತೆಗಳು ಅವರವೇ.

ಲಿಬರಲ್ ಡೆಮಾಕ್ರಟಿಕ್ ಪಕ್ಷ ಮೊದಲ ಸಲ ಅಧಿಕಾರ ಕಳೆದುಕೊಂಡ 1993ನ್ನು ‘ಹೊಸ ಯುಗ’ ಎಂದು ಬರೆಯುತ್ತಾರೆ. ಪ್ರಧಾನಿಯಾದ ಹೊಸೊಕಾವ ಮೊರಿಹಿರೊ ಕುಮಾಮೊತೊ ದೈಮ್ಯೊ ಮನೆತನದ ಕುಡಿ, ತಾಯಿಯ ತಂದೆ ಯುದ್ಧಪೂರ್ವದ ಪ್ರಧಾನಿ ಕೊನೊಯೆ ಫುಮಿಮಾರೊ. ಕೊನೊಯೆಗಳು ಫುಜಿವಾರಾ ಕುಲದವರು. ಸ್ವತಃ ಹೊಸೊಕಾವ ಹಿಂದೆ ಲಿಬರಲ್ ಡೆಮಾಕ್ರಟರೇ. 2009ರಲ್ಲಿ ಮತ್ತೆ ಸೋಲು. ಸೋತ ಪ್ರಧಾನಿ ಆಸೊ ತಾರೊ, ಯೋಶಿದಾ ಶಿಗೆರುವಿನ ಮೊಮ್ಮಗ. ಗೆದ್ದ ಹಾತೊಯಾಮಾ ಯುಕಿಯೊ, ಹಾತೊಯಾಮಾ ಇಚಿರೊವಿನ ಮೊಮ್ಮಗ. 1946ರಲ್ಲಿ ಇಚಿರೊ ನಿಷೇಧಕ್ಕೆ ಒಳಗಾದಾಗ ಪ್ರಧಾನಿ ಕುರ್ಚಿ ಹಿಡಿದದ್ದು ಯೋಶಿದಾ. 1954ರಲ್ಲಿ ಯೋಶಿದಾನನ್ನು ಇಳಿಸಿ ಪ್ರಧಾನಿಯಾದದ್ದು ಇಚಿರೊ. ಅದೇ ಇಚಿರೊ ಲಿಬರಲ್ ಡೆಮಾಕ್ರಟಿಕ್ ಪಕ್ಷದ ಮೊದಲ ಅಧ್ಯಕ್ಷ. ಅಜ್ಜ ಕಟ್ಟಿದ ಪಕ್ಷವನ್ನು ಮೊಮ್ಮಗ ಸೋಲಿಸಿದ.

ಮತದಾರರು ಮುಕ್ತವಾಗಿ ಮತ ಹಾಕುವ ದೇಶದಲ್ಲಿ ಸೀಟು ಮಗನಿಗೆ ಹೋಗುವುದು ಹೇಗೆ?
— ಓದುಗರು, ಆಳಂದ

ಜಪಾನಿನ ರಾಜಕಾರಣಿಗಳು ಮೂರು ‘ಬಾನ್’ ಎನ್ನುತ್ತಾರೆ: ಜಿಬಾನ್ ಎಂದರೆ ನೆಲೆ, ಕಾನ್‌ಬಾನ್ ಎಂದರೆ ಹೆಸರು, ಕಾಬಾನ್ ಎಂದರೆ ಹಣದ ಚೀಲ. ನೆಲೆಯ ತಿರುಳು ‘ಕೋಎನ್‌ಕಾಯ್’ ಎಂಬ ಬೆಂಬಲಿಗರ ಸಂಘ. ಇದು ಪಕ್ಷದ ಶಾಖೆಯಲ್ಲ, ವ್ಯಕ್ತಿಯ ಸ್ವಂತ ಸಂಘ. 1993ರವರೆಗೆ ಒಂದು ಕ್ಷೇತ್ರದಲ್ಲಿ ಸಾಮಾನ್ಯವಾಗಿ 3ರಿಂದ 5 ಸೀಟು, ಮತದಾರನಿಗೆ ಒಂದೇ ಮತ. ಒಂದೇ ಪಕ್ಷದ ಇಬ್ಬರು ಮೂವರು ಪರಸ್ಪರ ಹೋರಾಡಬೇಕಿತ್ತು. ಪಕ್ಷದ ಹೆಸರು ಅಲ್ಲಿ ಸಾಲುತ್ತಿರಲಿಲ್ಲ. ಮದುವೆ, ಸಾವು, ನೌಕರಿ ಶಿಫಾರಸು, ರಸ್ತೆ, ಸೇತುವೆ ನೋಡಿಕೊಳ್ಳುವ ಸ್ವಂತ ಸಂಘವೇ ಬೇಕಿತ್ತು.

ಸಂಸದ ಸತ್ತಾಗ ಅಥವಾ ನಿವೃತ್ತನಾದಾಗ ಸಂಘದವರಿಗೆ ಭಯ: ಹೊರಗಿನವನು ಬಂದರೆ ತಮ್ಮ ಸಂಪರ್ಕವೆಲ್ಲ ಹೋಗುತ್ತದೆ, ಒಳಗಿನ ಇಬ್ಬರಲ್ಲಿ ಒಬ್ಬನನ್ನು ಆರಿಸಿದರೆ ಒಡಕು. ಮಗ ಬಂದರೆ ಯಾರೂ ಮುನಿಯುವುದಿಲ್ಲ. ಅದಕ್ಕೇ ಮಗ ಮೊದಲೇ ತಂದೆಯ ಕಾರ್ಯದರ್ಶಿಯಾಗಿ ಸೇರಿ ಮುಖಪರಿಚಯ ಮಾಡಿಕೊಂಡಿರುತ್ತಾನೆ. ಆಬೆ ಶಿಂಜೊ ಹೀಗೇ ಬಂದದ್ದು: ತಂದೆ ಶಿಂತಾರೊ 1991ರಲ್ಲಿ ತೀರಿಕೊಂಡರು, ಮಗ 1993ರಲ್ಲಿ ಗೆದ್ದರು. ಪ್ರಧಾನಿ ಒಬುಚಿ ಕೈಜೊ 2000ದ ಮೇ ತಿಂಗಳಲ್ಲಿ ತೀರಿಕೊಂಡಾಗ, ಮುಂದಿನ ತಿಂಗಳೇ ಮಗಳು ಯೂಕೊ 26ನೆಯ ವಯಸ್ಸಿನಲ್ಲಿ ಗೆದ್ದರು. ಹಣದ ಕಥೆಯೂ ಸೇರಿಸಿ. ರಾಜಕೀಯ ನಿಧಿ ಸಂಸ್ಥೆಯ ದುಡ್ಡು ತಂದೆಯ ಸಂಸ್ಥೆಯಿಂದ ಮಗನ ಸಂಸ್ಥೆಗೆ ಹೋದರೆ ಪಿತ್ರಾರ್ಜಿತ ತೆರಿಗೆ ಬೀಳುವುದಿಲ್ಲ. ಹೊರಗಿನವನಿಗೆ ಮೊದಲ ಅಡ್ಡಿಯೇ ಠೇವಣಿ: ಏಕಸದಸ್ಯ ಕ್ಷೇತ್ರಕ್ಕೆ 30 ಲಕ್ಷ ಯೆನ್, ಹತ್ತನೆಯ ಒಂದು ಪಾಲು ಮತ ಬರದಿದ್ದರೆ ಜಪ್ತಿ.

1994ರ ಸುಧಾರಣೆ ಏಕಸದಸ್ಯ ಕ್ಷೇತ್ರ ತಂದರೂ ಸಂಘಗಳು ಸಾಯಲಿಲ್ಲ. ಸ್ಥಳೀಯ ಶಾಖೆಯ ಮುಖ್ಯಸ್ಥ ಸಾಮಾನ್ಯವಾಗಿ ಆ ಸಂಸದನೇ ಆಗಿರುವಾಗ ಉತ್ತರಾಧಿಕಾರಿಯನ್ನು ಆರಿಸುವವರು ಯಾರು ಎಂದು ಬೇರೆ ಹೇಳಬೇಕಿಲ್ಲ. 2009ರಲ್ಲಿ ಹಾತೊಯಾಮಾ ಯುಕಿಯೊರ ಡೆಮಾಕ್ರಟಿಕ್ ಪಕ್ಷ ಹತ್ತಿರದ ಸಂಬಂಧಿಗಳು ಅದೇ ಕ್ಷೇತ್ರದಿಂದ ನಿಲ್ಲಬಾರದೆಂದು ತನ್ನೊಳಗೆ ನಿಯಮ ಮಾಡಿಕೊಂಡಿತು. ಬೇರೆ ಕ್ಷೇತ್ರದಿಂದ ನಿಲ್ಲಲು ಅಡ್ಡಿಯಿರಲಿಲ್ಲ. ಹಾತೊಯಾಮಾ ಯುಕಿಯೊ ಸ್ವತಃ ಟೋಕಿಯೊ ಬಿಟ್ಟು ಹೊಕ್ಕೈಡೊದಿಂದ ಆರಿಸಿಬಂದವರು.

ಹಾಗಾದರೆ ‘ಜಪಾನಿನಲ್ಲಿ ಏನೂ ಬದಲಾಗಲಿಲ್ಲ’ ಎಂದು ಬರೆದುಬಿಡಬಹುದೇ?
— ಸ್ನಾತಕೋತ್ತರ ವಿದ್ಯಾರ್ಥಿ, ಯಾದಗಿರಿ

ಬೇಡ. ಅದೂ ಇನ್ನೊಂದು ತಪ್ಪು ಹಣೆಪಟ್ಟಿ. ಸಾತ್ಸುಮಾದ ಶಿಮಾಜು ಮನೆತನ ಕಾಮಾಕುರಾ ಕಾಲದಿಂದ 1871ರವರೆಗೆ ಸುಮಾರು ಏಳು ನೂರು ವರ್ಷ ಒಂದೇ ನೆಲದಲ್ಲಿ ಬೇರೂರಿತ್ತು. ಅಂಥ ಬೇರು ಕಿತ್ತದ್ದು ಸಣ್ಣ ಮಾತಲ್ಲ. 1890ರ ಮೊದಲ ಚುನಾವಣೆಯಲ್ಲಿ 15 ಯೆನ್ ನೇರ ತೆರಿಗೆ ಕಟ್ಟುವವರಿಗಷ್ಟೇ ಮತ, ಜನಸಂಖ್ಯೆಯ ಶೇ. 1ರ ಆಸುಪಾಸು. 1925ರಲ್ಲಿ 25 ದಾಟಿದ ಗಂಡಸರಿಗೆಲ್ಲ, 1945ರಲ್ಲಿ ಹೆಂಗಸರಿಗೂ ಸಿಕ್ಕಿತು. 1972ರಲ್ಲಿ ಪ್ರಧಾನಿಯಾದ ತನಾಕಾ ಕಾಕುಎಯ್ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ. 2020ರ ಸುಗಾ ಯೊಶಿಹಿದೆ ಅಕಿತಾದ ಸ್ಟ್ರಾಬೆರಿ ಬೆಳೆಗಾರನ ಮಗ. ತನಾಕಾರ ಮಗಳು ಮಾಕಿಕೊ ಮುಂದೆ ವಿದೇಶಾಂಗ ಸಚಿವೆಯಾದರು ಎಂಬುದನ್ನೂ ಜತೆಗೆ ಬರೆಯಿರಿ. ಹೊರಗಿನಿಂದ ಬಂದವರ ಮನೆಯೂ ಎರಡನೆಯ ತಲೆಮಾರಿಗೆ ಮನೆತನವಾಗುತ್ತದೆ.

‘ಬದಲಾಯಿತೇ’ ಎಂದು ಒಟ್ಟಾಗಿ ಕೇಳಬಾರದು. ತೆರಿಗೆ ಯಾರ ಕೈಗೆ, ನೇಮಕಾತಿ ಯಾರ ಕೈಯಲ್ಲಿ, ಸೈನ್ಯ ಯಾರ ಮಾತು ಕೇಳುತ್ತದೆ, ಜಮೀನು ಯಾರ ಹೆಸರಲ್ಲಿ, ಸಂಬಂಧ ಬೆಳೆಸುವುದು ಯಾರ ಜತೆ ಎಂದು ಬೇರೆಬೇರೆಯಾಗಿ ಕೇಳಬೇಕು. 1868ಕ್ಕೆ, 1876ಕ್ಕೆ, 1947ಕ್ಕೆ ಈ ಐದಕ್ಕೂ ಒಂದೇ ಉತ್ತರ ಬರುವುದಿಲ್ಲ.

ಜಪಾನಿನ ಮನೆತನಗಳ ವಂಶಾವಳಿ ಪಟ್ಟಿ ಮಾಡುತ್ತಿದ್ದೇನೆ. ಹೆಸರು, ಇಸವಿ ಎರಡೂ ಹೊಂದುತ್ತಿಲ್ಲ. ಎಲ್ಲಿ ತಪ್ಪುತ್ತಿದೆ?
— ಸಂಶೋಧನಾ ವಿದ್ಯಾರ್ಥಿ, ಚಿತ್ತಾಪುರ

ಬಹುಶಃ ಅಡ್ಡಹೆಸರು ನೋಡಿ ಪಟ್ಟಿ ಮಾಡುತ್ತಿದ್ದೀರಿ. ಜಪಾನಿನಲ್ಲಿ ದತ್ತು ಬಹಳ ಸಾಮಾನ್ಯ. ಅಳಿಯನನ್ನೇ ದತ್ತು ತೆಗೆದುಕೊಳ್ಳುವುದೂ ಉಂಟು. ಕಿಶಿ ಮತ್ತು ಸಾತೊ ಒಡಹುಟ್ಟಿದವರು. ಅವರ ತಂದೆ ಕಿಶಿ ಮನೆಯಲ್ಲಿ ಹುಟ್ಟಿ ಸಾತೊ ಮನೆಗೆ ಅಳಿಯನಾಗಿ ದತ್ತುಹೋದರು, ಮಗ ನೊಬುಸುಕೆ ಮತ್ತೆ ಕಿಶಿ ಮನೆಗೆ ಬಂದರು. ಯೋಶಿದಾ ಶಿಗೆರು ಹುಟ್ಟಿದ್ದು ತೋಸಾ ಮೂಲದ ತಾಕೆಉಚಿ ತ್ಸುನಾ ಎಂಬ ರಾಜಕಾರಣಿಗೆ, ಬೆಳೆದದ್ದು ಯೋಕೊಹಾಮಾದ ವ್ಯಾಪಾರಿ ಯೋಶಿದಾ ಮನೆಯಲ್ಲಿ. ಹೆಣ್ಣುಮಕ್ಕಳ ಕೊಂಡಿ ಬಿಟ್ಟರೆ ಇನ್ನೂ ದೊಡ್ಡ ತಪ್ಪು. ಓಕುಬೊ ತೋಶಿಮಿಚಿಯ ಮಗ ಮಾಕಿನೊ ನೊಬುಆಕಿ, ಅವರ ಮಗಳು ಯುಕಿಕೊ ಯೋಶಿದಾರ ಹೆಂಡತಿ, ಅವರ ಮಗಳು ಕಾಜುಕೊ, ಆಕೆಯ ಮಗ ಆಸೊ ತಾರೊ: ಐದು ತಲೆಮಾರು, ನಾಲ್ಕು ಅಡ್ಡಹೆಸರು. ಪ್ರತಿ ಹೆಸರಿನ ಮುಂದೆ ಹುಟ್ಟುಮನೆ, ದತ್ತುಮನೆ, ಮದುವೆಯ ಮನೆ ಎಂದು ಮೂರು ಅಂಕಣ ಇಟ್ಟುಕೊಳ್ಳಿ. ಊರಿನ ಅಂಕಣದಲ್ಲಿ ಹಳೆಯದು, ಹೊಸದು ಎರಡೂ ಇರಲಿ: ಚೋಶು ಇಂದಿನ ಯಾಮಾಗುಚಿ, ಸಾತ್ಸುಮಾ ಕಾಗೊಶಿಮಾ, ತೋಸಾ ಕೋಚಿ, ಹಿಜೆನ್ ಸಾಗಾ.

ಇಸವಿಯ ಗೊಂದಲಕ್ಕೆ ಪಂಚಾಂಗ ಕಾರಣ. 1873ರ ಜನವರಿ 1ಕ್ಕೆ ಜಪಾನ್ ಈಗಿನ ಕ್ಯಾಲೆಂಡರಿಗೆ ಬಂತು. ಅದಕ್ಕೆ ಮುಂಚೆ ಚಾಂದ್ರಮಾನ. ಚಕ್ರವರ್ತಿ ಆಳ್ವಿಕೆಯ ಘೋಷಣೆ ಕೆಇಒ ಎಂಬ ಜಪಾನಿ ಶಕೆಯ 3ನೆಯ ವರ್ಷದ 12ನೆಯ ತಿಂಗಳ 9ನೆಯ ದಿನ ನಡೆಯಿತು. ಆ ವರ್ಷವನ್ನು ಸುಮ್ಮನೆ 1867 ಎಂದು ಬರೆದ ಪುಸ್ತಕಗಳಿವೆ, ಸರಿಯಾಗಿ ಲೆಕ್ಕ ಹಾಕಿದರೆ ಅದು 1868ರ ಜನವರಿ 3. ಹಳೆಯ ವರ್ಷದ 11, 12ನೆಯ ತಿಂಗಳ ಘಟನೆ ಬಂದಾಗೆಲ್ಲ ಇಸವಿಯನ್ನು ಇನ್ನೊಮ್ಮೆ ಹೊಂದಿಸಿ ನೋಡಿ.